ಮರದ ಮೀನಿಗೊಂದು ದೋಣಿ

೧೯೯೧ರಲ್ಲಿ, ಎಂಟನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಮೊದಲೇ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಚನ್ನಪಟ್ಟಣದಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಮರ ಕಡೆಯುವ ಲೇತ್ ಒಂದಿತ್ತು. ಅದರ ಮುಂದೆ ಕೂತ ಉಸ್ತಾದರು ಒಂದು ಮರದ ತುಂಡಿನಿಂದ ಬುಗುರಿ ತೆಗೆಯುವುದನ್ನು ನೋಡಿದ ಮೇಲೆ ಶಾಲೆಯ ಬೆಂಚು ನನಗೆ ಕೂರಲು ಯೋಗ್ಯವಾಗಿ ಕಾಣಲಿಲ್ಲ. ಈಗ ನಾನಿರುವುದು ಅಮೆರಿಕದಲ್ಲಿ. ಇಲ್ಲಿ ಶಾಮ್‌ಬರ್ಗ್ ಕಡೆ ನಮ್ಮವರ ಮನೆಗಳಿಗೆ ಊಟಕ್ಕೆ ಹೋದರೆ ಮೊದಲ ಪ್ರಶ್ನೆಯೇ 'ನೀವು ಎಲ್ಲಿ ಓದಿದ್ದು?' ಎಂಬುದು. 'ಲೇತ್ ಮೇಲೆ' ಅನ್ನುತ್ತೇನೆ. ಕೆಲವರು ಮೆಕ್ಯಾನಿಕಲ್ ಎಂಜಿನಿಯರ್ ಅಂದುಕೊಂಡು ತಲೆಯಾಡಿಸುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ, ಸುಳ್ಳಂತೂ ಹೇಳಿಲ್ಲವಲ್ಲ.

ಇಲ್ಲಿ ಬರೆಯುತ್ತಿರುವುದು ಕಳೆದ ವರ್ಷದ ನಾಲ್ಕು ತಿಂಗಳ ಸಂಗತಿ.

ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಒಂದು ಸರಕು ಗೋದಾಮಿನಲ್ಲಿ ನಾನು ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಮನೆಯ ಗ್ಯಾರೇಜಿನಲ್ಲಿ ಒಂದು ಹಳೆಯ ಲೇತ್ ಇಟ್ಟುಕೊಂಡಿದ್ದೇನೆ. ಕೈ ಮರೆಯಬಾರದು ಅಂತ. ಗೋದಾಮಿಗೆ ಸರಕು ತರುವ ಟ್ರಕ್ ಓಡಿಸುವವರಲ್ಲಿ ಒಬ್ಬರು ಹುಬ್ಬಳ್ಳಿ ಕಡೆಯವರು, ನನಗಿಂತ ದೊಡ್ಡವರು. ನಾನು ಅಣ್ಣ ಅನ್ನುತ್ತೇನೆ, ಅವರು ನನ್ನನ್ನು ಭಾಯ್ ಅನ್ನುತ್ತಾರೆ. ಅವರಿಗೆ ಬಾಸ್ ಮೀನು ಹಿಡಿಯುವ ಹುಚ್ಚು. ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಹೋದರು. ಅವರ ಡಬ್ಬಿಯಲ್ಲಿ ಲ್ಯೂರ್‌ಗಳಿದ್ದವು. ಮೀನನ್ನು ಮರುಳು ಮಾಡಲು ದಾರದ ತುದಿಗೆ ಕಟ್ಟುವ ಸುಳ್ಳು ಮೀನುಗಳು. ಅದರಲ್ಲೊಂದು ಬೀಡಿಯ ಹಾಗೆ ಉದ್ದಕ್ಕೆ, ಎರಡೂ ತುದಿ ಸಪೂರವಾಗಿ, ನೀರಿನ ಮೇಲೆ ತೇಲುವಂಥದ್ದು. ಪ್ಲಾಸ್ಟಿಕ್. ಅಚ್ಚು ಸೇರಿದ ಗೆರೆ ಹೊಟ್ಟೆಯ ಮೇಲೆ ಎದ್ದು ಕಾಣುತ್ತಿತ್ತು.

'ಇದನ್ನ ನಾನು ಮಾಡ್ತೀನಿ' ಅಂದೆ.

'ಮಾಡ್, ಯಾರ್ ಬ್ಯಾಡ ಅಂದಾರ? ಮೀನಿಗೂ ಹೇಳಿ ಬಿಡ್, ಭಾಯ್ ಮಾಡ್ಯಾನ, ಬಂದು ಕಚ್ಚರಿ ಅಂತ.'

ಆ ಚಳಿಗಾಲದಲ್ಲಿ ನಲವತ್ತು ಮಾಡಿದೆ. ನಮ್ಮೂರಲ್ಲಾದರೆ ಆಲೆ ಮರ. ಇಲ್ಲಿ ಸೀಡರ್, ಹಗುರ, ಚೆನ್ನಾಗಿ ತೇಲುತ್ತದೆ. ಲೇತಿಗೆ ಸಿಕ್ಕಿಸಿ ಉಳಿ ಹಿಡಿದು ರೂಪ ತೆಗೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿ ಒತ್ತಿ ಹೊಳಪು ತಂದೆ. ಗರಿ ಊರಿಂದ ತರಿಸಿದ್ದು. ದೂರಕ್ಕೆ ಎಸೆಯಲು ತೂಕ ಬೇಕಲ್ಲ, ಅದಕ್ಕೆ ಸರಿಯಾಗಿ ನಡುವಿಗೆ ರಂಧ್ರ ಕೊರೆದು ಸೀಸದ ಗುಂಡು ಕೂರಿಸಿ ಮುಚ್ಚಿದೆ. ಕೊಕ್ಕೆಗಳನ್ನು ಸಿಕ್ಕಿಸಿದೆ. ಪ್ರತಿಯೊಂದನ್ನೂ ಉಸ್ತಾದರ ಪರೀಕ್ಷೆಗೆ ಒಡ್ಡಿದೆ. ಕನ್ನಡಿಯ ಮೇಲೆ ಉರುಳಿಸಿ ಬಿಡಬೇಕು. ಅದು ತನಗಿಷ್ಟ ಬಂದಲ್ಲಿ ನಿಲ್ಲಬೇಕು, ಒಂದೇ ಮಗ್ಗುಲನ್ನು ಹುಡುಕಿಕೊಂಡು ಹೋಗಬಾರದು. ಬೆರಳ ಮೇಲೆ ಇಟ್ಟರೆ ತಕ್ಕಡಿಯ ದಂಡಿಗೆಯ ಹಾಗೆ ಸಮ ನಿಲ್ಲಬೇಕು. ನಲವತ್ತೂ ನಿಂತವು.

ಮಾರ್ಚ್ ತಿಂಗಳಲ್ಲಿ ಡಬ್ಬಿ ಹಿಡಿದು, ನಮ್ಮಲ್ಲಿಂದ ಉತ್ತರಕ್ಕೆ ಒಂದು ಗಂಟೆ ದೂರದ ಸರೋವರದ ದಡದಲ್ಲಿರುವ ಮೀನುಗಾರಿಕೆ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿ ನಡೆಸುವವರು ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸು. ಅವರ ಇಂಗ್ಲಿಷನ್ನು ನಾನಿಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಅವರ ಹಿಂದೆ ಗೋಡೆ ತುಂಬ ಕಂಬಿಯ ಕೊಕ್ಕೆಗಳು, ಒಂದೊಂದು ಕೊಕ್ಕೆಗೆ ಒಂದೊಂದು ಬಗೆಯ ಲ್ಯೂರ್. ಕನ್ನಡಕ ಏರಿಸಿ ನನ್ನದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೊಳಪಿನಲ್ಲಿ ಅವರ ಮುಖ ಕಾಣುತ್ತಿತ್ತು.

'ಬಹಳ ಚೆಂದ. ಇಂಥದ್ದನ್ನ ನಾನು ನೋಡೇ ಇಲ್ಲ. ಆ ಕಿಟಕಿಯಲ್ಲಿ ಇಡ್ತೀನಿ. ಬೇಸಿಗೆಗೆ ಬರುವ ಜನ ಮನೆಯ ಗೋಡೆಗೆ ಹಾಕೋಕೆ ಕೊಳ್ತಾರೆ.'

'ಕಿಟಕಿಗಲ್ಲ. ಆ ಗೋಡೆಗೆ.'

'ಗೋಡೆಗೆ ಮೀನು ಹಿಡಿಯುವಂಥದ್ದು ಮಾತ್ರ. ಇದರಲ್ಲಿ ಎಷ್ಟು ಹಿಡಿದಿದ್ದೀಯ?'

ಸರೋವರ ಇನ್ನೂ ಹಿಮಗಟ್ಟಿತ್ತು. 'ಒಂದೂ ಇಲ್ಲ' ಅಂದೆ.

'ಹಾಗಾದರೆ ಇದು ಲ್ಯೂರ್ ಅಲ್ಲ, ಅಲಂಕಾರ' ಅಂದರು. ಹೀಯಾಳಿಕೆ ಇರಲಿಲ್ಲ ಮಾತಿನಲ್ಲಿ. ಅದೇ ನನಗೆ ಹೆಚ್ಚು ಚುಚ್ಚಿತು.

ನಮ್ಮೂರಿನ ಆಟಿಕೆಗೆ ಏನಾಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಮಕ್ಕಳ ಬಾಯಿಗೆ ಹೋಗಬೇಕಾದದ್ದು ಗಾಜಿನ ಷೋಕೇಸಿಗೆ ಹೋಯಿತು. ದೊಡ್ಡವರು ಬಂದು 'ಆರ್ಟ್, ಆರ್ಟ್' ಅಂದರು, ಫೋಟೋ ತೆಗೆದರು. ಆರ್ಟ್ ಅಂದರೆ ಇನ್ನು ಯಾರಿಗೂ ಕೆಲಸಕ್ಕೆ ಬೇಡ ಅಂತ ಅರ್ಥ. ನಾನು ಈ ದೇಶಕ್ಕೆ ಬಂದು ಮತ್ತೊಂದು ಷೋಕೇಸಿಗೆ ಸಾಮಾನು ಮಾಡಿಕೊಡಲು ಸಿದ್ಧನಿರಲಿಲ್ಲ.

'ಹಿಡಿದು ತೋರಿಸಿದರೆ?' ಅಂದೆ.

ಅವರು ಒಂದು ಕ್ಷಣ ನನ್ನನ್ನು ಅಳೆದರು. ಆಮೇಲೆ ಷರತ್ತು ಹೇಳಿದರು. ಜುಲೈ ನಾಲ್ಕರ ರಜೆಗೆ ಮೊದಲಿನ ಭಾನುವಾರ, ಬೆಳಗ್ಗೆ ಎಂಟರೊಳಗೆ, ಅಂಗಡಿಯ ಹಿಂದಿನ ದೋಣಿಕಟ್ಟೆಯಲ್ಲಿ ಅವರು ನಿಂತು ನೋಡುವಷ್ಟು ಹತ್ತಿರದಲ್ಲಿ, ನನ್ನದೇ ಲ್ಯೂರ್‌ಗೆ ಒಂದು ಬಾಸ್ ಹಿಡಿಯಬೇಕು. ಹಿಡಿದರೆ ಗೋಡೆಯಲ್ಲಿ ಒಂದು ಸಾಲು ನನಗೆ. ಹಿಡಿಯದಿದ್ದರೆ ನಲವತ್ತೂ ಕಿಟಕಿಗೆ, ತಕರಾರಿಲ್ಲದೆ. ಎಂಟೇ ಯಾಕೆ ಅಂದರೆ, ಆಮೇಲೆ ಮೋಜಿನ ದೋಣಿಗಳು ಬಂದು ನೀರು ಕಲಕುತ್ತವೆ.

'ಆಗಲಿ' ಅಂದೆ. ಆಮೇಲೆ ಕಟ್ಟೆಗೆ ಹೋಗಿ ನೋಡಿದೆ. ದಡದಿಂದ ಮೂವತ್ತು ಗಜ ಬರೀ ಜೊಂಡು, ತಾವರೆ ಎಲೆಯಂಥ ಬಳ್ಳಿಗಳ ಒಣ ಕಾಂಡ. ಬಾಸ್ ಇರುವುದು ಅದರಾಚೆಯ ಅಂಚಿನಲ್ಲಿ. ದೋಣಿ ಇಲ್ಲದೆ ಈ ಕೆಲಸ ಆಗದು. ನನ್ನ ಹತ್ತಿರ ದೋಣಿ ಇರಲಿಲ್ಲ.

ಮನೆಯಲ್ಲಿ ನಮ್ಮ ಮಾತು ಉರ್ದು. ಜಗಳಕ್ಕೆ ಮಾತ್ರ ನನ್ನ ಹೆಂಡತಿ ಕನ್ನಡಕ್ಕೆ ಬರುತ್ತಾಳೆ. ಅವಳೂ ಚನ್ನಪಟ್ಟಣದವಳೇ.

'ಮೀನು ಬೇಕಾದ್ರೆ ಅಂಗಡೀಲಿ ಸಿಗುತ್ತೆ ಕಣ್ರೀ. ಅದಕ್ಕೆ ದೋಣಿ ಯಾಕೆ?'

'ಮೀನು ತಿನ್ನೋಕಲ್ಲ. ಹಿಡಿದು ವಾಪಸ್ ಬಿಡೋಕೆ.'

ಅವಳು 'ಹಿಡಿದು... ವಾಪಸ್... ಬಿಡೋಕೆ' ಅಂತ ಒಂದೊಂದಾಗಿ ಹೇಳಿಕೊಂಡು ಅಡುಗೆಮನೆಗೆ ಹೋದಳು.

ಹಳೆಯ ದೋಣಿ ಬೇಕೆಂದರೆ ಡೆಟ್ರಾಯಿಟ್ ಕಡೆಗೆ ಹೋಗಬೇಕು ಅಂದರು ಅಣ್ಣ. ಅಲ್ಲಿ ದೊಡ್ಡ ಸರೋವರದ ಸುತ್ತ ಮನೆಗೊಂದು ದೋಣಿ, ಚಳಿ ಕಳೆದರೆ ಮಾರುವವರೂ ಹೆಚ್ಚು. ಏಪ್ರಿಲ್‌ನ ಒಂದು ಶನಿವಾರ ಅವರ ಪಿಕಪ್‌ನಲ್ಲಿ ಹೊರಟೆವು. ಮುನ್ನೂರು ಮೈಲಿ. ಎರಡು ದೋಣಿಗಳ ವಿಳಾಸ ಇತ್ತು.

ಮೊದಲನೆಯದು ಫೈಬರಿನದು, ಹದಿನೆಂಟು ಅಡಿ, ಮೈತುಂಬ ಕೆಂಪು ಮಿನುಗು. ತೊಳೆದು, ಮೇಣ ಹಚ್ಚಿ ಮದುಮಗನ ಹಾಗೆ ನಿಲ್ಲಿಸಿದ್ದರು. ಅಣ್ಣನಂತೂ ಹತ್ತಿ ಕೂತೇ ಬಿಟ್ಟರು. ಮಾರುವವನು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದ. ಚೆನ್ನಾಗಿಯೇ ಇತ್ತು. ನಾನು ಹಿಂದಕ್ಕೆ ಹೋದೆ. ದೋಣಿಯ ಹಿಂಬದಿಯಲ್ಲಿ ಎಂಜಿನ್ ತೂಗುವ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಹೊರಗೆ ಫೈಬರ್ ಇದ್ದರೂ ಒಳಗೆ ಮರ. ಎಂಜಿನ್ನಿನ ಪೂರ್ತಿ ಭಾರ, ತಳ್ಳುವ ಬಲ ಎಲ್ಲ ಆ ಮರದ ಮೇಲೆ. ಬೋಲ್ಟಿನ ಸಂದಿಯಲ್ಲಿ ನೀರು ಇಳಿದರೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಬಣ್ಣ ಮಿನುಗುತ್ತಲೇ ಇರುತ್ತದೆ.

ಜೇಬಿನಿಂದ ಉಳಿಯ ಮರದ ಹಿಡಿಯೊಂದನ್ನು ತೆಗೆದು ಅಂಚಿನಿಂದ ಒಳಕ್ಕೆ ಅಂಗುಲ ಅಂಗುಲವಾಗಿ ಬಡಿಯುತ್ತ ಬಂದೆ. ಟಕ್, ಟಕ್, ಟಕ್. ಎಂಜಿನ್ನಿನ ಕೆಳಗಿನ ಬೋಲ್ಟಿನ ಹತ್ತಿರ ಬಂದಾಗ ದಬ್. ಒದ್ದೆ ಗೋಣಿಚೀಲಕ್ಕೆ ಬಡಿದ ಹಾಗೆ.

'ಏನ್ ಭಾಯ್, ತಬಲಾ ಬಾರ್‍ಸಾಕತ್ತೀಯೇನ? ನಾ ಪೇಟಿ ತರ್‍ಲಿ?' ಅಣ್ಣ ಮೇಲಿನಿಂದಲೇ ಕೂಗಿದರು.

ನಾನು ಎಂಜಿನ್ನಿನ ಬುಡ ಹಿಡಿದು ಮೇಲಕ್ಕೂ ಕೆಳಕ್ಕೂ ಜಗ್ಗಿದೆ. ಟ್ರಾನ್ಸಮ್ ಉಸಿರಾಡಿದ ಹಾಗೆ ಒಂದು ಕೂದಲಷ್ಟು ಅಲುಗಿತು.

'ಒಳಗೆ ಮರ ಕೊಳೆತಿದೆ' ಅಂದೆ ಮಾರುವವನಿಗೆ.

'ಇದುವರೆಗೆ ಆರು ಜನ ನೋಡಿದ್ದಾರೆ, ಒಬ್ಬರೂ ಹಾಗೆ ಹೇಳಿಲ್ಲ. ನೀನೇನು ದೋಣಿ ಪರೀಕ್ಷಿಸೋ ಸರ್ವೇಯರಾ? ಸರ್ಟಿಫಿಕೇಟ್ ಇದೆಯಾ?'

'ಇಲ್ಲ.'

'ಮತ್ತೆ ಹೇಗೆ ಗೊತ್ತು?'

'ಕೇಳಿಸ್ತು.'

ಅವನು ನಕ್ಕ. ನಾನು ಉಳಿಯ ಹಿಡಿಯನ್ನು ಅವನ ಕೈಗೆ ಕೊಟ್ಟು, ಇಲ್ಲಿ ಬಡಿ, ಈಗ ಇಲ್ಲಿ ಬಡಿ ಅಂದೆ. ಬಡಿದ. ಎರಡನೇ ಸಲ ಬಡಿದ ಮೇಲೆ ನಗು ನಿಲ್ಲಿಸಿ, ನೋಡೋದು ಮುಗಿದಿದ್ದರೆ ಹೊರಡಿ, ಮಧ್ಯಾಹ್ನ ಬೇರೆಯವರು ಬರ್ತಾರೆ ಅಂದ. ಹೊರಟೆವು.

ಎರಡನೆಯದು ಸೌತ್‌ಫೀಲ್ಡ್‌ನ ಒಂದು ಬಡಾವಣೆಯಲ್ಲಿ. ಮನೆಯ ಪಕ್ಕದಲ್ಲಿ ಟಾರ್ಪಾಲಿನ ಕೆಳಗೆ ಹದಿನಾರು ಅಡಿಯ ಅಲ್ಯೂಮಿನಿಯಂ ದೋಣಿ, ಬಲಮಗ್ಗುಲು ನಜ್ಜುಗುಜ್ಜು, ನಲವತ್ತು ಅಶ್ವಶಕ್ತಿಯ ಎಂಜಿನ್. ಮಾಲೀಕರು ಆಫೀಸಿನಿಂದ ನಿವೃತ್ತರಾದ ಮುದುಕರು. ದೋಣಿ ಮನೆಮುಂದೆ ಕಾಣಬಾರದು ಅಂತ ಬಡಾವಣೆಯ ಸಂಘದವರು ಪತ್ರದ ಮೇಲೆ ಪತ್ರ ಬರೆಯುತ್ತಿದ್ದಾರಂತೆ. ನಾನು ಉಳಿಯ ಹಿಡಿ ತೆಗೆಯುವ ಮೊದಲೇ ಹೇಳಿದರು: 'ಹಿಂದಿನ ಮರ ಹೋಗಿದೆ. ನನಗೆ ಬದಲಾಯಿಸೋಕೆ ಶಕ್ತಿ ಇಲ್ಲ.'

ಒಳಗಡೆಯಿಂದ ನೋಡಿದೆ. ಟ್ರಾನ್ಸಮ್ಮಿನ ಪ್ಲೈವುಡ್ ಬರಿಗಣ್ಣಿಗೇ ಕಾಣುತ್ತಿತ್ತು, ಉಗುರಿನಲ್ಲಿ ಕೆರೆದರೆ ಚಹಾಪುಡಿಯ ಹಾಗೆ ಉದುರಿತು. ಸುತ್ತ ಮೂಲೆಗಟ್ಟುಗಳು, ಬೋಲ್ಟುಗಳು. ಎಲ್ಲವೂ ಬಿಚ್ಚಿ ಕಟ್ಟಬಹುದಾದದ್ದು. ಎಂಜಿನ್ನಿನ ಬುಡದ ಸ್ಕ್ರೂ ಸಡಿಲಿಸಿ ಗೇರ್ ಎಣ್ಣೆ ನೋಡಿದೆ. ನೀರು ಸೇರಿದ್ದರೆ ಹಾಲು ಬೆರೆಸಿದ ಚಹಾದ ಬಣ್ಣ ಬರುತ್ತದೆ. ಬಂದದ್ದು ಶುದ್ಧ ಕಪ್ಪು. ತೋಟದ ಪೈಪಿನಿಂದ ನೀರು ಕೊಟ್ಟು ಎಂಜಿನ್ ಸ್ಟಾರ್ಟ್ ಮಾಡಿದೆವು. ಪಕ್ಕದ ತೂತಿನಿಂದ ಎಂಜಿನ್ ತಂಪಾಗಿಸುವ ನೀರಿನ ಪಿಚಕಾರಿ ಜೋರಾಗಿ ಹೊಡೆಯಿತು. ಕಾಗದಪತ್ರದ ನಂಬರೂ ದೋಣಿಯ ಮೇಲೆ ಕೆತ್ತಿದ ನಂಬರೂ ಒಂದೇ ಇದ್ದವು.

'ತಗೋತೀನಿ' ಅಂದೆ.

ಅಣ್ಣ ನನ್ನನ್ನು ಪಿಕಪ್ಪಿನ ಮರೆಗೆ ಎಳೆದರು. 'ತಲಿ ಕೆಟ್ಟೈತೇನ್ ಭಾಯ್ ನಿಂದು? ಅಲ್ಲಿ ಕಟಗಿ ಕೊಳತೈತಿ ಅಂತ ಬಿಟ್ಟ್ ಬಂದಿ. ಇಲ್ಲಿ ಕೊಳತದ್ದ್ ನೋಡೀನ ತಗೊಳಾಕತ್ತಿ!'

'ಅಲ್ಲಿ ಮರ ಫೈಬರಿನ ಒಳಗಿದೆ ಅಣ್ಣ, ಹೊಟ್ಟೆ ಸೀಳಬೇಕು. ಇಲ್ಲಿ ನಟ್ಟು ಬಿಚ್ಚಿದರೆ ಆಯ್ತು. ಮರ ಹಾಕೋದು ನನ್ನ ಕೆಲಸ. ಎಂಜಿನ್ ಹೋಗಿದ್ರೆ ಬಿಡ್ತಿದ್ದೆ, ಅದು ನನಗೆ ಬರಲ್ಲ.'

ಅವರು ಹಣೆ ಚಚ್ಚಿಕೊಂಡು ಟ್ರೇಲರ್ ಸಿಕ್ಕಿಸಲು ಹೋದರು.

ಐ-ತೊಂಬತ್ತನಾಲ್ಕು ಹೆದ್ದಾರಿಯಲ್ಲಿ ಗಂಟೆಗೆ ಐವತ್ತೈದು ಮೈಲಿ ದಾಟದೆ ಬಂದೆವು. ಹಳೆಯ ಟ್ರೇಲರಿನ ಚಕ್ರದ ಬೇರಿಂಗ್ ನಂಬುವಂಥದ್ದಲ್ಲ. ಐದಾರು ಎಕ್ಸಿಟ್‌ಗೊಮ್ಮೆ ನಿಲ್ಲಿಸಿ ಚಕ್ರದ ಗುಂಬವನ್ನು ಅಂಗೈಯಿಂದ ಮುಟ್ಟಿ ನೋಡುತ್ತಿದ್ದೆ. ಅರ್ಧ ದಾರಿಯಲ್ಲಿ ಎಡಗಡೆಯದು ಕೈ ಇಡಲಾರದಷ್ಟು ಸುಡುತ್ತಿತ್ತು. ಪೆಟ್ರೋಲ್ ಬಂಕಿನ ಹಿಂದೆ ಮಲಗಿಕೊಂಡು ಗ್ರೀಸ್ ತುಂಬಿ, ಆರಲು ಬಿಟ್ಟು, ಮತ್ತೆ ಹೊರಟೆವು.

ಮರ ಬದಲಾಯಿಸಲು ಮೂರು ವಾರಾಂತ್ಯ ಹಿಡಿಯಿತು. ಅದಕ್ಕಾಗಿ ಗೋದಾಮಿನ ಶನಿವಾರದ ಓವರ್‌ಟೈಮ್ ಬಿಟ್ಟೆ. ಹಳೆಯ ಹಲಗೆಯನ್ನು ಇಡಿಯಾಗಿ ತೆಗೆಯಲು ಆಗಲಿಲ್ಲ. ಬಕೆಟ್ಟಿನಲ್ಲಿ ತುಂಬಿ ತೆಗೆದೆ. ರಟ್ಟಿನಲ್ಲಿ ಅಳತೆ ಕತ್ತರಿಸಿದೆ. ಅಣ್ಣ ಎಲ್ಲಿಂದಲೋ ಹಸಿರು ಛಾಯೆಯ, ಹುಳು ಹಿಡಿಯದ ಹಾಗೆ ಔಷಧ ಕುಡಿಸಿದ ಪ್ಲೈವುಡ್ ತಂದರು. ಮೂಸಿ ನೋಡಿ ಅನುಮಾನ ಬಂತು. ಹಲಗೆಯ ಮೇಲೆ ಅಂಟಿಸಿದ ಚೀಟಿಯನ್ನು ಅಕ್ಷರ ಅಕ್ಷರ ಓದಿದೆ. ಔಷಧದಲ್ಲಿ ತಾಮ್ರ ಇತ್ತು. ತಾಮ್ರವೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ಸೇರಿದರೆ ದೋಣಿಯ ತಗಡನ್ನೇ ತಿನ್ನುತ್ತದೆ. ವಾಪಸ್ ಕಳಿಸಿ, ದೋಣಿಗೆಂದೇ ಮಾಡುವ ಹಲಗೆ ಎರಡು ತಂದು, ಅಂಟು ಹಾಕಿ ಒಂದಕ್ಕೊಂದು ಬಿಗಿದು, ಪ್ರತಿ ಬೋಲ್ಟಿನ ರಂಧ್ರದ ಒಳಮೈಗೂ ನೀರು ಇಳಿಯದ ಹಾಗೆ ಎಪಾಕ್ಸಿ ಅಂಟು ಕುಡಿಸಿದೆ. ಕೊನೆಗೆ ಎಂಜಿನ್ ಏರಿಸಿ ಬುಡ ಹಿಡಿದು ಜಗ್ಗಿದೆ. ದೋಣಿ, ಟ್ರೇಲರ್, ನಾನು ಮೂವರೂ ಒಟ್ಟಿಗೆ ಅಲುಗಿದೆವು. ಟ್ರಾನ್ಸಮ್ ಅಲುಗಲಿಲ್ಲ.

ಮೇ ಕೊನೆಯ ಭಾನುವಾರ ನೀರಿಗಿಳಿಸಿದೆವು. ಒಂದು ಹನಿ ಒಳಗೆ ಬರಲಿಲ್ಲ. ಎದೆ ಉಬ್ಬಿಸಿಕೊಂಡು ನನ್ನ ಹಸಿರು ಮರದ ಮೀನನ್ನು ಕಟ್ಟಿ ಎಸೆದೆ.

ಈ ಬಗೆಯ ಲ್ಯೂರ್ ಆಡಿಸುವ ವಿಧಾನ ಹೀಗೆ. ರಾಡಿನ, ಅಂದರೆ ಗಾಳದ ಕೋಲಿನ, ತುದಿ ನೀರಿನ ಕಡೆ ಇರಬೇಕು, ಮಣಿಕಟ್ಟಿನಿಂದ ಸಣ್ಣದಾಗಿ ಜಗ್ಗಿ, ಕೂಡಲೇ ದಾರ ಸಡಿಲ ಬಿಡಬೇಕು. ಜಗ್ಗು, ಬಿಡು. ಆಗ ಅದರ ಮೂತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ, ಗಾಯಗೊಂಡ ಮೀನಿನ ಹಾಗೆ ಬರಬೇಕು. ನನ್ನದು ಹಾಗೆ ಬರಲಿಲ್ಲ. ಜಗ್ಗಿದರೆ ನೆಟ್ಟಗೆ ಬಂತು. ಬಿಟ್ಟರೆ ನೆಟ್ಟಗೆ ಮಲಗಿತು. ಸ್ವಲ್ಪ ಜೋರಾಗಿ ಜಗ್ಗಿದರೆ ಹೊಟ್ಟೆ ಮೇಲಾಗಿ ಉರುಳಿತು.

'ಲಟ್ಟಣಿಗಿ ಬಂತ್ ನೋಡ್' ಅಂದರು ಅಣ್ಣ. 'ಇನ್ನೊಂದೀಟು ಹಿಟ್ಟ್ ಕಲಸಿದ್ರ ಚಪಾತಿನೂ ಆಕ್ಕಾವು.' ಅವರು ಪ್ಲಾಸ್ಟಿಕ್ ಎರೆಹುಳುವಿನೊಳಗೆ ಕೊಕ್ಕೆ ಅಡಗಿಸಿ, ಮುಂದೊಂದು ಗುಂಡು ತೂಕ ಹಾಕಿ ಜೊಂಡಿನ ಬುಡದಲ್ಲಿ ಎಳೆಯುತ್ತಿದ್ದರು. ಮಧ್ಯಾಹ್ನದೊಳಗೆ ಐದು ಬಾಸ್ ಹಿಡಿದು ಬಿಟ್ಟರು. ನನಗೆ ಸೊನ್ನೆ. ಸಂಜೆ ನೋಡಿದರೆ ನನ್ನ ಲ್ಯೂರ್‌ನ ಬಣ್ಣ ಬಿಳಿಚಿಕೊಂಡಿತ್ತು. ಅರಗು ಗಂಟೆಗಟ್ಟಲೆ ನೀರಿನಲ್ಲಿದ್ದರೆ ಹಾಗಾಗುತ್ತದೆ. ಆಟಿಕೆಗೆ ಯಾವತ್ತೂ ಆ ಕಷ್ಟ ಬಂದಿರಲಿಲ್ಲ.

ಬಣ್ಣದ್ದು ಸರಿ ಹೋಯಿತು. ಅರಗಿನ ಮೇಲಿನ ಮೇಣವನ್ನು ಸ್ಪಿರಿಟಿನಿಂದ ಒರೆಸಿ, ಸಣ್ಣ ಮರಳು ಕಾಗದ ಉಜ್ಜಿ, ಮೇಲೆ ತೆಳ್ಳಗೆ ಎಪಾಕ್ಸಿ ಹಾಕಿದೆ. ಮೂರು ಸಲ ಸಿಪ್ಪೆ ಎದ್ದಿತು, ನಾಲ್ಕನೇ ಸಲ ನಿಂತಿತು. ಆದರೆ ನಡಿಗೆ ಸರಿ ಹೋಗಲಿಲ್ಲ. ರಾಡ್ ಬದಲಾಯಿಸಿದೆ, ದಾರ ಬದಲಾಯಿಸಿದೆ, ಕೊಕ್ಕೆ ಸಣ್ಣದು ಮಾಡಿದೆ. ಇನ್ನೆರಡು ಭಾನುವಾರ ಹೋದವು. ಸೊನ್ನೆ, ಸೊನ್ನೆ.

'ಭಾಯ್, ಪ್ಲಾಸ್ಟಿಕ್ ಲ್ಯೂರ್ ಒಂದ್ ತಗೊಂಡು ಅರಗು ಬಳದ್ ಬಿಡ್. ಆ ಮುದುಕಿಗೆ ಏನ್ ಗೊತ್ತಾಗ್ತೈತಿ?'

'ನಂಗೆ ಗೊತ್ತಾಗುತ್ತಲ್ಲ' ಅಂದೆ.

ಗಡುವಿಗೆ ಎರಡು ವಾರ ಇತ್ತು. ಒಂದು ಸಂಜೆ ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿ ಲ್ಯೂರ್‌ಗಳನ್ನು ತೇಲಿಬಿಟ್ಟು ನೋಡುತ್ತ ಕೂತಿದ್ದೆ. ಅದರಲ್ಲಿ ಕೆಟ್ಟು ಹೋದದ್ದೂ ಒಂದು ಬೆರೆತಿತ್ತು. ಸೀಸ ಕೂರಿಸುವಾಗ ಡ್ರಿಲ್ ಜಾರಿ ಬಾಲದ ಕಡೆ ರಂಧ್ರವಾದದ್ದು. ನಲವತ್ತರ ಲೆಕ್ಕಕ್ಕೆ ಸೇರದ, ಎಸೆಯಬೇಕಾದದ್ದು. ಹೆಂಡತಿ ಬಾಗಿಲಲ್ಲಿ ನಿಂತು, ಜಗಳವಿಲ್ಲದೆಯೂ ಕನ್ನಡದಲ್ಲೇ ಶುರು ಮಾಡಿದಳು.

'ಮಕ್ಕಳು ಚಿಕ್ಕವರಿದ್ದಾಗ ಇಷ್ಟು ಹೊತ್ತು ಸ್ನಾನ ಮಾಡಿಸಿದ್ರೆ ನನಗೆ ಪುಣ್ಯ ಬರ್ತಿತ್ತು.' ಆಮೇಲೆ ಬಗ್ಗಿ, 'ಇವೆಲ್ಲ ಯಾಕ್ರೀ ಹೆಣ ತೇಲಿದ ಹಾಗೆ ಮಲಗಿದಾವೆ? ಅದೊಂದೇ ನೋಡಿ ಜೀವ ಇರೋ ಹಾಗಿದೆ' ಅಂದಳು.

ಅವಳು ತೋರಿಸಿದ್ದು ಆ ಕೆಟ್ಟದ್ದನ್ನು. ಅದು ಬಾಲ ನೀರಿಗೆ ಇಳಿಸಿ, ಮೂತಿ ಮೇಲೆತ್ತಿ ಓರೆಯಾಗಿ ನಿಂತಿತ್ತು. ನಾನು ದಾರ ಕಟ್ಟಿ ತೊಟ್ಟಿಯ ಉದ್ದಕ್ಕೆ ಜಗ್ಗಿ ಬಿಟ್ಟೆ. ಮೂತಿ ಎಡಕ್ಕೆ ಜಾರಿತು. ಮತ್ತೆ ಜಗ್ಗಿ ಬಿಟ್ಟೆ. ಬಲಕ್ಕೆ.

ನನಗೆ ಸಂತೋಷ ಆಯಿತು ಅಂತ ಬರೆದರೆ ಸುಳ್ಳು. ಕೋಪ ಬಂತು. ಮೂವತ್ತು ಚಿಲ್ಲರೆ ವರ್ಷ ಈ ಕೈ ಕಲಿತದ್ದು ಒಂದೇ: ಒಂದು ಕಡೆಗೆ ವಾಲಬಾರದು. ವಾಲಿದ ಬುಗುರಿಯನ್ನು ಉಸ್ತಾದರು ಬೈಯದೆ ಒಲೆಗೆ ಹಾಕುತ್ತಿದ್ದರು. ನಾನು ಮೀನಿಗೆ ಲ್ಯೂರ್ ಮಾಡಿರಲಿಲ್ಲ; ಉಸ್ತಾದರ ಕನ್ನಡಿಗೆ ಬುಗುರಿ ಮಾಡಿದ್ದೆ. ಇಲ್ಲಿ ವಾಲದಿದ್ದರೆ ಕೆಲಸವೇ ಇಲ್ಲ.

ರಾತ್ರಿ ಊಟದ ಹೊತ್ತಿಗೆ ತೀರ್ಮಾನ ಮಾಡಿದ್ದೆ. ಹೊಸದು ಮಾಡಲು ಸಮಯ ಇರಲಿಲ್ಲ. ಹೊಳಪಿಟ್ಟು ಮುಗಿಸಿದ ನಲವತ್ತನ್ನೂ ಲೇತಿನ ಪಕ್ಕ ಸಾಲಾಗಿಟ್ಟು, ನಡುವಿನ ಸೀಸ ಬಗೆದು ತೆಗೆದು ಬಿರಡೆ ಹಾಕಿದೆ. ಬಾಲದ ಹತ್ತಿರ ಹೊಟ್ಟೆಯ ಕಡೆ ಹೊಸ ರಂಧ್ರ ಕೊರೆದೆ. ಮೊದಲನೆಯದಕ್ಕೆ ಡ್ರಿಲ್ ಇಡುವಾಗ ಕೈ ಹಿಂದೆ ಬಂತು. ಹತ್ತನೆಯದಕ್ಕೆ ಬರಲಿಲ್ಲ. ಹನ್ನೊಂದು ಸೀಳಿ ಹೋದವು. ಉಳಿದವುಗಳಿಗೆ ಒಂದೊಂದಾಗಿ ಸೀಸ ಹಾಕಿ, ತೊಟ್ಟಿಯಲ್ಲಿ ಬಿಟ್ಟು, ಮೂತಿಯ ಮೂರನೇ ಒಂದು ಪಾಲು ನೀರಿನಿಂದ ಮೇಲೆ ನಿಲ್ಲುವವರೆಗೆ ಕೆರೆದು, ಸೇರಿಸಿ, ಮತ್ತೆ ಕೆರೆದೆ. ಹತ್ತು ಸಂಜೆಯ ಕೆಲಸ. ಆ ಹತ್ತು ದಿನ ಮನೆಯವರೆಲ್ಲ ಕೆಳಗಿನ ಚಿಕ್ಕ ಬಾತ್‌ರೂಮಿನಲ್ಲೇ ಸ್ನಾನ ಮಾಡಿದರು.

ಷರತ್ತಿನ ಭಾನುವಾರ ಬೆಳಗ್ಗೆ ಐದೂವರೆಗೆ ದೋಣಿ ನೀರಿನಲ್ಲಿತ್ತು. ಗಾಳಿ ಇರಲಿಲ್ಲ, ನೀರು ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್. ಅಂಗಡಿಯವರು ಕಟ್ಟೆಯ ತುದಿಯಲ್ಲಿ ಮಡಚುವ ಕುರ್ಚಿ ಹಾಕಿ ಕಾಫಿ ಫ್ಲಾಸ್ಕ್ ಹಿಡಿದು ಕೂತಿದ್ದರು. ಅವರ ಹಿಂದೆ ದಿನಾ ಬರುವ ಗಿರಾಕಿಗಳು ಮೂರ್‍ನಾಲ್ಕು ಜನ. ಅಣ್ಣ ಸಣ್ಣ ವಿದ್ಯುತ್ ಮೋಟಾರಿನಲ್ಲಿ ಸದ್ದಿಲ್ಲದೆ ದೋಣಿಯನ್ನು ಬಳ್ಳಿಗಳ ಅಂಚಿನ ಉದ್ದಕ್ಕೆ ಸಾಗಿಸಿದರು. ಅವತ್ತು ಅವರು ರಾಡ್ ತಂದಿರಲಿಲ್ಲ.

ಎಸೆದೆ. ಜಗ್ಗು, ಬಿಡು. ನಡೆಯಿತು. ಎಡಕ್ಕೆ, ಬಲಕ್ಕೆ, ಕನ್ನಡಿಯಂಥ ನೀರಿನ ಮೇಲೆ ವಿ ಆಕಾರದ ಗೆರೆ ಬಿಡುತ್ತ. ಮೀನು ಬರಲಿಲ್ಲ. ಆರೂವರೆ ಆಯಿತು. ಏಳಾಯಿತು. ಅಂಚಿನ ಉದ್ದಕ್ಕೆ ಎರಡು ಸಲ ಹೋಗಿ ಬಂದೆವು.

ಏಳೂಕಾಲಿಗೆ ನೀರು ಒಡೆಯಿತು. ಬಕೆಟ್ಟಿನ ನೀರಿಗೆ ಕಲ್ಲು ಬಿದ್ದಂಥ ಸದ್ದು. ನಾನು ಮೈಯೆಲ್ಲ ಬಲ ಹಾಕಿ ರಾಡ್ ಎಳೆದೆ. ಲ್ಯೂರ್ ಗಾಳಿಯಲ್ಲಿ ಹಾರಿ ಬಂದು ಅಣ್ಣನ ಟೋಪಿಗೆ ಸಿಕ್ಕಿಕೊಂಡಿತು.

'ಯಾಕ ಎಳದ್ಯೋ! ಸಪ್ಪಳ ಕೇಳಿ ಎಳೀಬಾರ್‍ದು, ಭಾರ ಬರೂತನಾ ತಡೀಬೇಕ್ ಅಂತ ನೂರ್ ಸಲ ಹೇಳೀನಿ! ಮೀನ್ ಬಿಟ್ಟು ನನ್ನ ಹಿಡದ್ಯಲ್ಲೋ!'

ಕಟ್ಟೆಯ ಮೇಲೆ ನಗು ಕೇಳಿಸಿತು. ಅಂಗಡಿಯವರು ನಗಲಿಲ್ಲ. 'ನಲವತ್ತು ನಿಮಿಷ' ಅಂತ ಕೂಗಿದರು.

ಟೋಪಿಯಿಂದ ಕೊಕ್ಕೆ ಬಿಡಿಸಿಕೊಂಡೆ. ದೂರದಲ್ಲಿ ಮೊದಲ ಮೋಜಿನ ದೋಣಿಯ ಎಂಜಿನ್ ಕೆಮ್ಮಿತು. ಅಣ್ಣ ಮೆಲ್ಲಗೆ ಅಂದರು: 'ಅದ ಜಾಗಾಕ್ಕ ಒಗೀಬ್ಯಾಡ. ಹತ್ತ್ ಫೂಟ್ ಆಚೆ ಒಗಿ. ಸಾವಕಾಶ ತಾ.'

ಆಚೆ ಎಸೆದೆ. ಉಂಗುರಗಳು ಆರುವವರೆಗೆ ಮುಟ್ಟಲಿಲ್ಲ. ಜಗ್ಗು, ಬಿಡು. ಜಗ್ಗು, ಬಿಡು. ಅಂಚಿನ ಹತ್ತಿರ ನಿಲ್ಲಿಸಿದೆ. ನೀರು ಮತ್ತೆ ಒಡೆಯಿತು. ಹಲ್ಲು ಕಚ್ಚಿ ಕೈ ಕಟ್ಟಿಕೊಂಡ ಹಾಗೆ ನಿಂತೆ. ಲ್ಯೂರ್ ಕಾಣಲಿಲ್ಲ. ದಾರ ಬಿಗಿಯಾಗುತ್ತ ಹೋಯಿತು, ರಾಡಿನ ತುದಿಗೆ ಭಾರ ಬಂತು. ಆಗ ಎಳೆದೆ.

ಮೀನು ಎರಡು ಸಲ ಮೇಲಕ್ಕೆ ಹಾರಿ ತಲೆ ಕೊಡವಿತು, ಒಂದು ಸಲ ಬಳ್ಳಿಯೊಳಗೆ ನುಗ್ಗಿತು. ಅಣ್ಣ ದೋಣಿಯನ್ನು ಅದರ ಮೇಲಕ್ಕೇ ತಂದರು. ಕೆಳದವಡೆಗೆ ಹೆಬ್ಬೆರಳು ಹಾಕಿ ಎತ್ತಿದೆ. ಹದಿನೇಳು ಅಂಗುಲ. ಕಟ್ಟೆಗೆ ತಂದು ತೋರಿಸಿ ನೀರಿಗೆ ಬಿಟ್ಟೆ. ಗಡಿಯಾರ ಏಳು ಮೂವತ್ತೆಂಟು.

ಅಂಗಡಿಯವರು ಮೀನಿಗಿಂತ ಹೆಚ್ಚು ಹೊತ್ತು ಲ್ಯೂರ್ ನೋಡಿದರು. ಕೊಕ್ಕೆ ತಿರುಗಿ ಹೊಟ್ಟೆಯ ಮೇಲೆ ಅರ್ಧಚಂದ್ರದ ಗೀರು ಬಿದ್ದಿತ್ತು, ಬೆನ್ನಿನ ಹೊಳಪು ಉಜ್ಜಿ ಹೋಗಿತ್ತು.

'ಒಂದು ಸಾಲು ನಿನ್ನದು' ಅಂದರು. ಒಳಗೆ ಕರೆದುಕೊಂಡು ಹೋಗಿ ತೋರಿಸಿದ್ದು ಗೋಡೆಯ ಎಲ್ಲಕ್ಕಿಂತ ಕೆಳಗಿನ ಸಾಲು, ಮೊಣಕಾಲೆತ್ತರ. ಎಂಟು ಕೊಕ್ಕೆ.

'ಇಲ್ಲಿ ಯಾರೂ ಬಗ್ಗಿ ನೋಡಲ್ಲ' ಅಂದೆ.

'ಮೇಲಿನ ಸಾಲು ಮಾರಾಟ ಆದವರಿಗೆ. ಬೇಕಾದರೆ ಕಿಟಕಿಯಲ್ಲೂ ಎರಡು ಇಡು. ಅಲ್ಲಿ ಇದರ ಮೂರು ಪಟ್ಟು ಬೆಲೆ ಬರುತ್ತೆ.'

'ಕಿಟಕಿ ಬೇಡ.'

'ಎರಡೇ.'

'ಒಂದೂ ಬೇಡ.'

'ಹಠಮಾರಿ' ಅಂದರು.

'ಹೌದು' ಅಂದೆ. ಮೊಣಕಾಲೂರಿ ಕೂತು ಎಂಟನ್ನೂ ನಾನೇ ತೂಗುಹಾಕಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹದಿನಾರು ಅಡಿಯ ದೋಣಿ ಒಂದು; ಬಲಮಗ್ಗುಲಿನ ನಜ್ಜು ಹಾಗೇ ಇದೆ. ಲೇತ್ ಒಂದು. ರಾಡ್ ಮೂರು, ಅದರಲ್ಲೊಂದರ ತುದಿ ಮುರಿದಿದೆ. ಗೋಡೆಯಲ್ಲಿ ಸಾಲು ಎರಡು, ಕೊಕ್ಕೆ ಹದಿನಾರು; ಎರಡನೇ ಸಾಲು ಸೊಂಟದೆತ್ತರದಲ್ಲಿದೆ. ಹೋದ ಶನಿವಾರ ನೋಡಿದಾಗ ಮಾರಾಟವಾಗಿ ಹನ್ನೊಂದು ಕೊಕ್ಕೆ ಖಾಲಿ ಇದ್ದವು. ಕತ್ತರಿಸಿಟ್ಟ ಸೀಡರ್ ತುಂಡು ಹನ್ನೊಂದು.